ಬಂಗಾಲಿ ಕ್ಯಾಂಪಿನ ಝರ್ನಾ ಮತ್ತು ಆದೆಮ್ಮನ ಒಲೆ

ನಮ್ಮ ಭಾಗದ ಬಸ್ಸುಗಳಲ್ಲಿ ಪಕ್ಕದ ಸೀಟಿನವರು ಮೊದಲು ಕೇಳುವುದು ಊರನ್ನು. ಊರು ಹೇಳಿದರೆ ಓಣಿ ಕೇಳುತ್ತಾರೆ, ಓಣಿ ಹೇಳಿದರೆ ಅಡ್ಡಹೆಸರು. ಅಷ್ಟಾದರೂ ನಮ್ಮ ಕುಲ ಯಾವುದೆಂದು ತಿಳಿಯದಿದ್ದರೆ "ಅಲ್ಲಿ ಇಂಥವರು ನಿಮಗೇನಾಗಬೇಕ್ರಿ" ಎಂದು ಕೊನೆಯ ಬಾಣ ಬಿಡುತ್ತಾರೆ. ನಾನು ಶೈಲಜಾ, ಲಿಂಗಸುಗೂರಿನವಳು, ಸಿಂಧನೂರಿನ ಒಂದು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ದಿನಾ ಮಸ್ಕಿ ಮೇಲೆ ಹಾಯ್ದು ಹೋಗಿ ಬರುವ ನನಗೆ ಈ ಪರೀಕ್ಷೆ ಸಾಕಾಗಿ ಹೋಗಿದೆ. ಕಿಟಕಿ ಪಕ್ಕದ ಸೀಟು ಹಿಡಿದು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಬಿಡುತ್ತೇನೆ.

ಝರ್ನಾ ಮಂಡಲ್ ಹಾಗೆ ಕಣ್ಣು ಮುಚ್ಚುವ ಹುಡುಗಿಯಲ್ಲ. ಬಿ.ಎ. ಕೊನೆಯ ವರ್ಷದ ನನ್ನ ವಿದ್ಯಾರ್ಥಿನಿ, ಸಿಂಧನೂರಿನ ಹೊರಗಿನ ಬಂಗಾಲಿ ಕ್ಯಾಂಪಿನವಳು. ಒಮ್ಮೆ ನಾವಿಬ್ಬರೂ ಮಸ್ಕಿಗೆ ಹೋಗುವಾಗ ರುಮಾಲು ಸುತ್ತಿದ ಹಿರಿಯರೊಬ್ಬರು ಅವಳ ಪಕ್ಕ ಕೂತರು.

"ಯಾ ಊರವ್ವ ತಂಗಿ?"

"ಸಿಂಧನೂರ್ರಿ ಕಾಕಾ."

"ಅದಲ್ಲ, ಮೂಲ ಯಾವುದು?"

"ಮೂಲಾನೂ ಸಿಂಧನೂರ ರೀ. ಹುಟ್ಟಿದ ದವಾಖಾನಿ ಸಿಂಧನೂರ, ಓದಿದ ಸಾಲಿ ಸಿಂಧನೂರ."

"ಮಾರಿ ನೋಡಿದ್ರ ಹಂಗ ಅನಸಂಗಿಲ್ಲಲ್ಲ."

"ನಮ್ಮ ಅಜ್ಜಿ ಬಾಂಗ್ಲಾ ಕಡಿಯಾಕಿ ರೀ. ನಂದು ಮುಗೀತು. ಈಗ ನಿಮ್ಮ ಮೂಲ ಹೇಳ್ರಿ, ಮಸ್ಕಿ ಬರೂತನಕ ಟೈಮ್ ಐತಿ."

ಆ ಹಿರಿಯರಿಗೆ ಆಗ ನಿದ್ದೆ ಬಂತು. ನನಗೆ ನಗು ತಡೆಯಲಾಗಲಿಲ್ಲ. ಈ ಹುಡುಗಿಯನ್ನು ನಾನು ಇಷ್ಟಪಡಲು ಶುರು ಮಾಡಿದ್ದು ಆ ಬಸ್ಸಿನಿಂದಲೇ.

ಅವಳ ಅಜ್ಜಿ, ತಂದೆಯ ತಾಯಿ, ಪುಷ್ಪರಾಣಿ. ಝರ್ನಾ ಕರೆಯುವುದು ಠಾಕುಮಾ ಎಂದು. ಅದು ಇನ್ನೂ ಪೂರ್ವ ಪಾಕಿಸ್ತಾನವಾಗಿದ್ದ ಕಾಲದಲ್ಲಿ, ಮದುವೆಯಾದ ಹೊಸದರಲ್ಲಿ, ಒಂದು ಗಂಟು ಮತ್ತು ಒಂದು ಶಂಖ ಹಿಡಿದು ಗಡಿ ದಾಟಿದವರು. ಎಲ್ಲೆಲ್ಲೋ ಡೇರೆಗಳಲ್ಲಿ ಇದ್ದು ಕೊನೆಗೆ ಸರಕಾರ ತಂದಿಳಿಸಿದ್ದು ಸಿಂಧನೂರಿನ ಎರೆಭೂಮಿಯಲ್ಲಿ. ಕಾಲುವೆ ನೀರು ಬಂದಿತ್ತು, ಭತ್ತ ಹೊಸದಾಗಿತ್ತು. ನೀರಿನಲ್ಲಿ ನಿಂತು ನಾಟಿ ಮಾಡುವುದು ಠಾಕುಮಾಗೆ ಹುಟ್ಟಿನಿಂದ ಬಂದದ್ದು. ಗೊರೇಬಾಳದ ಗದ್ದೆಗಳಲ್ಲಿ ಬಾಗಿದ ಬೆನ್ನು ಮೇಲೆತ್ತುವಷ್ಟರಲ್ಲಿ ಅವರಿಗೆ ಕನ್ನಡವೂ ಬಂತು. ಅದು ಗದ್ದೆಯ ಕನ್ನಡ. ಅದರಲ್ಲಿ ಬಹುವಚನ ಇಲ್ಲ, ಕಾಲೇಜಿನ ಮೇಡಂಗೂ ಇಲ್ಲ.

"ನಮ್ಮ ದೇಶದಾಗ ದೊಡ್ಡ ಜಾತಿ ಮಂದಿ ನಮ್ಮ ಕೈ ನೀರು ಕುಡೀತಿರಲಿಲ್ಲ," ಎಂದು ಅವರು ಒಮ್ಮೆ ನನಗೆ ಹೇಳಿದರು. "ಇಲ್ಲಿ ಬಂದ್ರ ಬಾಂಗ್ಲಾ ಬಾಂಗ್ಲಾ ಅಂತಾರ. ಅಲ್ಲಿ ನಮ್ಮ ನೀರು ಬ್ಯಾಡ, ಇಲ್ಲಿ ನಮ್ಮ ಹೆಸರು ಬ್ಯಾಡ. ನಾ ನಾಟಿ ಮಾಡಿದ ಭತ್ತ ಮಾತ್ರ ಎಲ್ಲಾರಿಗೂ ಬೇಕು. ನೋಡು ನೀ." ಹೇಳಿ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯದೆ ಅವರು ಕೊಟ್ಟ ಚಹಾ ಕುಡಿದೆ.

ಈ ಮಾತು ಕೇಳುತ್ತ ಬೆಳೆದ ಹುಡುಗಿ ಝರ್ನಾ. ಹಾಗೆಂದು ಸಿಡುಕಿನ ಗಂಟಲ್ಲ. ಮೊದಲ ವರ್ಷ ಕ್ಲಾಸಿನ ಹುಡುಗಿಯರು ಮೀನಿನ ವಾಸನೆ ಎಂದು ಅವಳ ಡಬ್ಬಿಯಿಂದ ದೂರ ಕೂರುತ್ತಿದ್ದರು. ಇವಳು ಮರುದಿನ ಒಂದು ಚೀಲ ಮಂಡಾಳು, ಅಂದರೆ ಮಂಡಕ್ಕಿ, ತಂದಳು. ಅವಳ ತಾಯಿ ಮನೆಯಲ್ಲೇ ಕಾದ ಮರಳಿನಲ್ಲಿ ಹುರಿದದ್ದು. ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಸಾಸಿವೆ ಎಣ್ಣೆ. ಮಂಡಾಳು ಒಗ್ಗರಣೆಗೆ ಜೀವ ಬಿಡುವ ಸಿಂಧನೂರಿನ ಹುಡುಗಿಯರು ಎಷ್ಟು ಹೊತ್ತು ದೂರ ಕೂರಲು ಸಾಧ್ಯ. ಮೊದಲು ಕೈ ಹಾಕಿದವಳು ರೇಣುಕಾದೇವಿ, ಗಿಣಿಗೇರಿ ಎಕ್ಸ್‌ಪ್ರೆಸ್ ಎಂದು ನಾವು ಕರೆಯುವ ನಮ್ಮ ಓಟಗಾರ್ತಿ. ಅಂದಿನಿಂದ ಇಬ್ಬರೂ ಜೀವದ ಗೆಳತಿಯರು.

ಕ್ಯಾಂಪಿನ ಮುದುಕರನ್ನು ದವಾಖಾನೆಗೆ, ಬ್ಯಾಂಕಿಗೆ ಕರೆದೊಯ್ದು ಅವರ ಪರ ಮಾತಾಡುವುದು ಝರ್ನಾಳ ಶನಿವಾರದ ಕೆಲಸ. ಸರಕಾರಿ ಪರೀಕ್ಷೆ ಬರೆದು ಅಧಿಕಾರಿ ಆಗಬೇಕೆಂಬುದು ಆಸೆ. ಯಾಕೆ ಎಂದು ಕೇಳಿದ್ದೆ. "ಕುರ್ಚಿ ಮ್ಯಾಲ ಕುಂತು ಬಂದವರಿಗೆಲ್ಲ ಮೂಲ ಯಾವುದು ಅಂತ ಕೇಳಲಾರದಂಗ ಕೆಲಸ ಮಾಡಿಕೊಡಬೇಕು ಮೇಡಂ, ಅಷ್ಟ," ಎಂದಳು.

ಇಲ್ಲಿ ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರೇಣುಕಾದೇವಿ ವಿಶ್ವವಿದ್ಯಾಲಯದ ಓಟದಲ್ಲಿ ಮೊದಲು ಬಂದ ಸುದ್ದಿ ಕಾಲೇಜಿಗೆ ಬಂದ ದಿನ ಝರ್ನಾ ವರಾಂಡದಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ನಾಲಿಗೆ ಆಡಿಸುತ್ತ ಒಂದು ಉದ್ದನೆಯ ಕೂಗು ಹಾಕಿದಳು. ಬಂಗಾಲಿ ಹೆಂಗಸರು ಮದುವೆ, ಮಗು, ಪೂಜೆ ಎಂದು ಎಲ್ಲ ಶುಭಕ್ಕೂ ಹಾಕುವ ಕೂಗು ಅದು, ಉಲು ಎನ್ನುತ್ತಾರೆ. ನಮ್ಮ ಕಡೆ ಬಾಯಿಗೆ ಕೈ ಹಿಡಿದು ಕೂಗು ಹಾಕಿದರೆ ಒಂದೋ ಕಾಮನನ್ನು ಸುಟ್ಟಿರಬೇಕು, ಇಲ್ಲವೇ ಮನೆಯಲ್ಲಿ ಹೆಣ ಬಿದ್ದಿರಬೇಕು. ಪ್ರಿನ್ಸಿಪಾಲರು ಚಪ್ಪಲಿ ಕೂಡ ಹಾಕದೆ ಹೊರಗೋಡಿ ಬಂದು "ಯಾರು ಹೋದ್ರು?" ಎಂದು ಕೇಳಿದರು. ನಾನು ಝರ್ನಾಳನ್ನು ಪಕ್ಕಕ್ಕೆ ಕರೆದು, ಕ್ಯಾಂಪು ಬಿಟ್ಟು ಹೊರಗೆ ಈ ಕೂಗು ಬೇಡ ತಾಯಿ ಎಂದು ಕೈ ಮುಗಿದೆ. ಅವಳು ಮಾತು ಕೊಟ್ಟಳು.

ಈ ವರ್ಷ ಕಡಲೆ ಕೀಳುವ ದಿನಗಳಲ್ಲಿ ನಮ್ಮ ಕಾಲೇಜಿನ ಎನ್ನೆಸ್ಸೆಸ್ ಶಿಬಿರ ನಡೆದದ್ದು ಪಾಮನಕಲ್ಲೂರಿನ ಆಚೆಗಿನ ಒಂದು ಹಳ್ಳಿಯಲ್ಲಿ. ಹೆಸರು ಹೇಳುವುದಿಲ್ಲ. ಈಗ ಆ ಊರಿನಿಂದ ನನಗೆ ಹಸಿ ಕಡಲೆಯ ಸುಲಗಾಯಿ, ಸಜ್ಜೆ ಹಿಟ್ಟು ಬರುತ್ತದೆ, ಸುಮ್ಮನೆ ಯಾಕೆ ಕೆಡಿಸಿಕೊಳ್ಳಲಿ. ವಿದ್ಯಾರ್ಥಿಗಳು ಒಂದು ವಾರ ಶಾಲೆಯಲ್ಲಿ ಉಳಿದು ಗಟಾರ ಬಳಿಯುವುದು, ಗಿಡ ನೆಡುವುದು ಮಾಡಬೇಕು. ಮೊದಲ ದಿನವೇ ಅಂಗನವಾಡಿಯ ಗೋಡೆಗೆ ಸುಣ್ಣ ಬಳಿಯಲು ಹೋದ ಝರ್ನಾ ಅರ್ಧ ಗೋಡೆ ಬಳಿದು ನನ್ನ ಹತ್ತಿರ ಬಂದಳು.

"ಮೇಡಂ, ಅಲ್ಲಿ ತಾಟು ಬಾಳ ಅದಾವ, ಹುಡುಗ್ರು ಇಲ್ಲ."

ಹೋಗಿ ನೋಡಿದೆ. ದಲಿತರ ಕೇರಿಯ ನಾಲ್ಕೈದು ಮಕ್ಕಳು ಮಾತ್ರ ಕೂತು ಉಣ್ಣುತ್ತಿದ್ದವು. ಅಡುಗೆಗೆ ಹೊಸದಾಗಿ ಬಂದ ಸಹಾಯಕಿ ಆದೆಮ್ಮ ಕೇರಿಯ ಹೆಣ್ಣುಮಗಳು. ಅವಳು ಒಲೆ ಹಚ್ಚಿದ ದಿನದಿಂದ ಮೇಲಿನ ಓಣಿಯ ಮಕ್ಕಳಿಗೆಲ್ಲ ಒಮ್ಮೆಲೇ ಕೆಮ್ಮು ನೆಗಡಿ ಶುರುವಾಗಿತ್ತು. ಮಕ್ಕಳಿಗೆ ಹಾಡು ಹೇಳಿಕೊಡುವ ದಾನೇಶ್ವರಿ ಟೀಚರು ಮನೆಮನೆಗೆ ಹೋಗಿ ಕರೆದು ಸೋತಿದ್ದಳು. ತಿಂಗಳ ಕೊನೆಗೆ ಮೇಲ್ವಿಚಾರಕಿ ಬರುವವರಿದ್ದರು. ಅಷ್ಟರೊಳಗೆ ಮಕ್ಕಳು ಬರದಿದ್ದರೆ ಅಂಗನವಾಡಿಯನ್ನು ಪಕ್ಕದ ಊರಿಗೆ ಕೂಡಿಸಿಬಿಡುತ್ತಾರೆ, ಆದೆಮ್ಮನ ಕೆಲಸ ಹೋಗುತ್ತದೆ. ಗಂಡ ಸತ್ತ ಮೇಲೆ ಅವಳಿಗೆ ಸಿಕ್ಕ ನೆರಳಿನ ಕೆಲಸ ಅದೊಂದೇ.

"ದಿನಾ ಎಲ್ಲಾರಿಗೂ ಆಗುವಷ್ಟ ಕುದಿಸ್ತೀನ್ರಿ," ಎಂದಳು ಆದೆಮ್ಮ. "ಉಳಿದಿದ್ದು ಎಮ್ಮಿಗೆ ಹೋಗತೈತಿ. ಎಮ್ಮಿಗೆ ಜಾತಿ ಇಲ್ಲ ನೋಡ್ರಿ, ನಾಕು ದಿನದಾಗ ಮೈ ಕೈ ತುಂಬ್ಕೊಂಡೈತಿ."

ನನಗೆ ಸಿಟ್ಟು ನೆತ್ತಿಗೇರಿತು. ಆ ಸಂಜೆ ಗುಡಿಯ ಕಟ್ಟೆಯ ಮೇಲೆ ನಿಂತು ಸಮಾನತೆಯ ಬಗ್ಗೆ ಅಮೋಘವಾಗಿ ಭಾಷಣ ಮಾಡಿದೆ, ನಡುನಡುವೆ ವಚನಗಳನ್ನೂ ಹೇಳಿದೆ. ಊರವರು ತಲೆದೂಗಿದರು. ಕಣ್ಣೊರೆಸಿಕೊಂಡವರೂ ಇದ್ದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಮರುದಿನ ಅಂಗನವಾಡಿಗೆ ಬಂದದ್ದು ಅದೇ ನಾಲ್ಕೈದು ಮಕ್ಕಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

"ಮೇಡಂ, ನೀವು ಬಾಳ ಚಂದ ಮಾತಾಡಿದ್ರಿ," ಎಂದಳು ಝರ್ನಾ. "ಇನ್ನ ಮಾತಾಡಬ್ಯಾಡ್ರಿ."

ಅವಳು ತಾನೇ ಮನೆಮನೆಗೆ ಹೋದಳು, ನಾನೂ ಹಿಂದೆ ಹೋದೆ. ಊರಿನ ದೊಡ್ಡ ಮನೆಯ ಯಜಮಾನಿ ಶೇಖರಮ್ಮ, ಹಣೆ ತುಂಬ ವಿಭೂತಿ, ದಿನಾ ಎರಡು ಹೊತ್ತು ಲಿಂಗಪೂಜೆ. ನಮ್ಮನ್ನು ಕೂರಿಸಿ ಹಾಲು ಕೊಟ್ಟರು. "ನಮ್ಮದೇನಿಲ್ಲವ್ವ. ದೇವರು ಎಲ್ಲಾರೊಳಗ ಅದಾನ. ಆದ್ರ ಮಂದಿ ಬಾಯಿ ಐತಲ್ಲ," ಎಂದರು. ಪಕ್ಕದ ಮನೆಯಲ್ಲಿ ಕೇಳಿದರೆ, "ನಮ್ಮದೂ ಏನಿಲ್ರಿ. ಶೇಖರಮ್ಮಾರ ಮನಿಯಿಂದ ಹುಡುಗ್ರು ಹೋದ್ರ ನಾವೂ ಕಳಿಸ್ತೀವಿ." ತಿರುಗಿ ಶೇಖರಮ್ಮನ ಹತ್ತಿರ ಬಂದರೆ, "ಅವರು ಮೊದಲು ಕಳಿಸಲಿ ನೋಡಾಮ್." ಇಡೀ ಓಣಿ ತಿರುಗಿದರೂ ಭೇದ ಮಾಡುವವರು ಒಬ್ಬರೂ ಸಿಗಲಿಲ್ಲ. ಎಲ್ಲರೂ ಪಕ್ಕದ ಮನೆಯವರಿಗೆ ಹೆದರುವ ಪುಣ್ಯಾತ್ಮರೇ.

"ಇವರಿಗೆ ಮನಸ್ಸಿಲ್ಲ ಅಂತಲ್ಲ ಮೇಡಂ," ಎಂದಳು ಝರ್ನಾ ವಾಪಸು ಬರುವಾಗ. "ಮೊದಲ ಹೆಜ್ಜಿ ಇಡಾವರು ಬೇಕು."

"ನಿನ್ನದು ಒಳ್ಳೇ ಮನಸ್ಸು. ನನಗೇನೋ ಅವರಿಗೆ ಮನಸ್ಸಿಲ್ಲ ಅಂತಾನೇ ಕಾಣತೈತಿ," ಎಂದೆ.

ಮರುದಿನದಿಂದ ಝರ್ನಾ ಗಟಾರ ಬಿಟ್ಟು ಆದೆಮ್ಮನ ಜೊತೆ ಸೇರಿದಳು. ಮಕ್ಕಳ ಊಟ ಮುಗಿದ ಮೇಲೆ ಅಂಗನವಾಡಿಯ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಬಾಣಲೆಯಲ್ಲಿ ಮರಳು ಕಾಯಿಸಿ, ಉಪ್ಪು ಬೆರೆಸಿದ ಕುಸುಬಲಕ್ಕಿ ಸುರಿದು, ಕಡ್ಡಿಗಳ ಕಟ್ಟಿನಿಂದ ಕೈಯಾಡಿಸುತ್ತಿದ್ದಳು. ಅಕ್ಕಿ ಚಟಪಟ ಹಾರಿ ಬೆಳ್ಳಗೆ ಅರಳುತ್ತಿತ್ತು. ಬಿಸಿ ಬೆಲ್ಲದ ಪಾಕ ಹಾಕಿ ಇಬ್ಬರೂ ಉಂಡೆ ಕಟ್ಟುತ್ತಿದ್ದರು. ಆ ಘಮ ಓಣಿ ತುಂಬ ಹರಡಿತು. ಶೇಖರಮ್ಮನ ಮೊಮ್ಮಗಳು, ಸಾನ್ವಿ ಎಂದು ಹೆಸರಿಟ್ಟರೂ ಎಲ್ಲರೂ ಶರಣಿ ಎಂದೇ ಕರೆಯುವ ನಾಲ್ಕು ವರ್ಷದ ಹುಡುಗಿ, ಮನೆಯಿಂದ ತಪ್ಪಿಸಿಕೊಂಡು ಬಂದು ಬೇವಿನ ಗಿಡದ ಕೆಳಗೆ ನಿಂತಳು.

"ನನಗೊಂದು," ಎಂದಳು.

"ನಿಮ್ಮ ಅವ್ವನ್ನೋ ಅಜ್ಜಿನ್ನೋ ಕರ್ಕೊಂಡು ಬಾ, ಎರಡು ಕೊಡ್ತೀನಿ," ಎಂದಳು ಝರ್ನಾ.

ಹುಡುಗಿ ಕಾಲು ಅಪ್ಪಳಿಸಿ ಹೋದಳು, ಮರುದಿನ ಮತ್ತೆ ಬಂದಳು. ನನಗೆ ಕನಿಕರ ಬಂತು. ಒಂದು ಉಂಡೆ ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ, ಹಾಗೇ ಒಂದೊಂದಾಗಿ ಎಲ್ಲ ಮಕ್ಕಳಿಗೂ ರುಚಿ ಹತ್ತಿಸಿದರಾಯಿತು ಎಂದೆ. ಝರ್ನಾ ಒಪ್ಪಲಿಲ್ಲ.

"ಕದ್ದು ತಿನ್ನಿಸಿದ್ರ ಆದೆಮ್ಮಕ್ಕನ ಕೈ ಕಳ್ಳರ ಕೈ ಆಗತೈತಿ ಮೇಡಂ. ಎಲ್ಲಾರ ಮುಂದ ತಿನ್ನಬೇಕು."

ಆದೆಮ್ಮ ಬಿಸಿ ಉಂಡೆಯೊಂದನ್ನು ಝರ್ನಾಳ ಬಾಯಿಗೆ ತುರುಕಿ ಒಲೆಯ ಕಡೆ ತಿರುಗಿದಳು.

ಆದೆಮ್ಮನ ಮಗಳ ಕೂಸಿಗೆ ಆಗ ಆರು ತಿಂಗಳು, ಹೆಸರು ಆಂಜನೇಯ. ಆರು ತಿಂಗಳ ಗಂಡುಮಗುವಿಗೆ ಮೊದಲ ಅನ್ನ ಉಣಿಸುವುದು ಬಂಗಾಲಿಗಳಲ್ಲಿ ದೊಡ್ಡ ಹಬ್ಬ, ಮೊದಲ ತುತ್ತು ಸೋದರಮಾವನ ಕೈಯದು. ಆ ಸಂಭ್ರಮವನ್ನು ಶಿಬಿರದ ಕೊನೆಯ ದಿನ ಅಂಗನವಾಡಿಯಲ್ಲೇ ಮಾಡೋಣ, ಇಡೀ ಊರನ್ನು ಊಟಕ್ಕೆ ಕರೆಯೋಣ ಎಂದು ಝರ್ನಾ ಹಟ ಹಿಡಿದಳು. ಕೂಸು ಉಣ್ಣುವುದನ್ನು ನೋಡಲು ಬಾರದ ಹೆಂಗಸು ಎಲ್ಲಿದ್ದಾಳೆ ಎಂಬುದು ಅವಳ ನಂಬಿಕೆ. ಮನೆಮನೆಗೆ ಅರಿಶಿನ ಕುಂಕುಮ ಕೊಟ್ಟು ಕರೆದು ಬಂದಳು. "ಬರ್ತೀವವ್ವ, ಯಾಕ ಬರಬಾರದು," ಎಂದರು ಎಲ್ಲರೂ.

ಠಾಕುಮಾ ಕ್ಯಾಂಪಿನ ಐದಾರು ಹೆಂಗಸರನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಮಸ್ಕಿಗೆ ಬಂದರು. ಆದೆಮ್ಮನ ಮಗ ದುರುಗಪ್ಪ ಮಸ್ಕಿಯಲ್ಲಿ ಆಟೋ ಓಡಿಸುವವನು, ಅವನೇ ಸೋದರಮಾವ. ಎಲ್ಲರನ್ನೂ ಆಟೋದಲ್ಲಿ ಒತ್ತಿ ತುಂಬಿ ತಂದಿಳಿಸಿದ. ಬಿಳಿ ಸೀರೆಯ ಠಾಕುಮಾ ಇಳಿಯುವಾಗಲೇ ಅವರ ಕಂಕುಳಲ್ಲಿ ಶಂಖ ಕಂಡಿತು.

"ಠಾಕುಮಾ, ಶಂಖ ಬೇಡ, ಉಲು ಬೇಡ, ನಾನು ಮೇಡಂಗೆ ಮಾತು ಕೊಟ್ಟೀನಿ," ಎಂದು ಝರ್ನಾ ಬಂಗಾಲಿಯಲ್ಲಿ ಬೇಡಿಕೊಂಡಳಂತೆ. ಠಾಕುಮಾ ಕನ್ನಡದಲ್ಲೇ ಉತ್ತರ ಕೊಟ್ಟರು. "ನೀ ಮಾತು ಕೊಟ್ಟಿ. ನಾ ಕೊಟ್ಟಿಲ್ಲ."

ಆದೆಮ್ಮ ಬೆಳಿಗ್ಗೆಯಿಂದ ಪಾಯಸ, ಅನ್ನ, ಬೇಳೆ, ಬದನೆಕಾಯಿ ಪಲ್ಯ ಮಾಡಿ ಇಳಿಸಿದ್ದಳು. ಚಾಪೆ ಹಾಸಿದೆವು. ಕೇರಿಯವರು ಬಂದರು, ನಮ್ಮ ವಿದ್ಯಾರ್ಥಿಗಳು ಕೂತರು, ದಾನೇಶ್ವರಿ ಹೊಸ ಸೀರೆಯಲ್ಲಿ ಬಂದಳು. ಮೇಲಿನ ಓಣಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಶರಣಿ ಮಾತ್ರ ಎಂದಿನಂತೆ ಬೇವಿನ ಗಿಡದ ಕೆಳಗೆ ನಿಂತಿದ್ದಳು. ದಾರಿ ನೋಡಿದೆವು, ಇನ್ನೊಂದಿಷ್ಟು ನೋಡಿದೆವು. ಖಾಲಿ ಚಾಪೆಗಳ ಮುಂದೆ ನಿಂತ ಝರ್ನಾಳ ಮುಖ ಸಣ್ಣದಾಯಿತು. ನಾಲ್ಕೈದು ದಿನ ಬೆಂಕಿ ಮುಂದೆ ಕೂತ ಹುಡುಗಿ, ಕಣ್ಣು ತುಂಬಿಕೊಂಡು ಗೋಡೆಯ ಕಡೆ ತಿರುಗಿದಳು. ನನಗೆ ಊರಿನ ಮೇಲೆ ಎಂಥ ಕೋಪ ಬಂತೆಂದರೆ, ಆ ಶಾಲನ್ನು ತಂದು ಅವರ ಗುಡಿ ಕಟ್ಟೆಯ ಮೇಲೆ ಎಸೆಯಬೇಕೆನಿಸಿತು.

"ಬಿಡ್ರಿ, ಬರಂಗಿಲ್ಲ ಅವರು," ಎಂದಳು ಆದೆಮ್ಮ. "ಕೂಸಿಗೆ ಹಸಿವಾಗೈತಿ."

ದುರುಗಪ್ಪ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆರಳಿನಿಂದ ಒಂದಿಷ್ಟು ಪಾಯಸ ಬಾಯಿಗಿಟ್ಟ. ಕೂಸು ಚಪ್ಪರಿಸಿತು, ಇನ್ನೂ ಬೇಕೆಂದು ಬಾಯಿ ತೆರೆಯಿತು. ಅಷ್ಟೇ. ಠಾಕುಮಾ ಶಂಖ ತುಟಿಗಿಟ್ಟು ಊದಿದರು. ಕ್ಯಾಂಪಿನ ಹೆಂಗಸರೆಲ್ಲ ಒಟ್ಟಿಗೆ ಉಲು ಹಾಕಿದರು. ನೀರಿನ ಟ್ಯಾಂಕಿನ ಮೇಲೆ ಕೂತ ಪಾರಿವಾಳಗಳೆಲ್ಲ ಎದ್ದವು.

ಆ ಊರಿನಲ್ಲಿ ಶಂಖ ಊದುವುದು ಹೆಣ ಎತ್ತುವಾಗ. ಜೊತೆಗೆ ಹೆಂಗಸರ ಕೂಗು, ಅದೂ ಮಕ್ಕಳಿರುವ ಅಂಗನವಾಡಿಯಿಂದ.

ಊರಿಗೆ ಊರೇ ಓಡಿ ಬಂತು. ಕಣದಲ್ಲಿ ಕಡಲೆ ಒಕ್ಕುತ್ತಿದ್ದವರು ಕೈಯಲ್ಲಿದ್ದ ಬಡಿಗೆ ಸಮೇತ ಬಂದರು. ಬೆಂಕಿ ಬಿದ್ದಿದೆಯೆಂದು ಒಬ್ಬ ಕೊಡ ಹೊತ್ತು ತಂದಿದ್ದ. ಶೇಖರಮ್ಮನ ಮಗ ಅಮರಗುಂಡಪ್ಪ ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಗೆ ಸೋಪಿನ ನೊರೆ ಇಟ್ಟುಕೊಂಡೇ ಬಂದ. ಎಲ್ಲರಿಗಿಂತ ಮುಂದೆ ಶೇಖರಮ್ಮ, ಬರಿಗಾಲಲ್ಲಿ, ಸೆರಗು ನೆಲಕ್ಕೆ ಎಳೆಯುತ್ತ. ಮನೆಯಲ್ಲಿ ಶರಣಿ ಕಾಣದೆ ಹುಡುಕುತ್ತಿದ್ದಾಗಲೇ ಈ ಕೂಗು ಅವರ ಕಿವಿಗೆ ಬಿದ್ದಿತ್ತು. ಅಂಗಳಕ್ಕೆ ನುಗ್ಗಿ ಮೊಮ್ಮಗಳನ್ನು ಬಾಚಿಕೊಂಡು ತಲೆ, ಎದೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದರು.

"ಯಾರಿಗೇನಾತು? ಯಾರು ಹೋದ್ರು?"

"ಯಾರೂ ಹೋಗಿಲ್ರಿ ಅಮ್ಮಾ. ಕೂಸು ಅನ್ನ ಉಂಡೈತಿ," ಎಂದಳು ಝರ್ನಾ, ಅಳುವ ದನಿಯಲ್ಲಿ. ಎಲ್ಲ ಕೆಟ್ಟು ಹೋಯಿತು ಎಂದೇ ಅವಳು ತಿಳಿದಿದ್ದಳು.

ಶೇಖರಮ್ಮನಿಗೆ ಉಸಿರು ಹತ್ತಿ ಮಾತು ನಿಂತಿತು. ಅಂಗನವಾಡಿಯ ಹೊಸ್ತಿಲ ಮೇಲೆ ಕುಸಿದು ಕೂತು, ಗಂಟಲು ಮುಟ್ಟಿ ತೋರಿಸಿದರು. ಒಳಗಿಂದ ಆದೆಮ್ಮ ಚೊಂಬು ತುಂಬ ನೀರು ತಂದು ಅವರ ಕೈಗೆ ಕೊಟ್ಟಳು. ಶೇಖರಮ್ಮ ಗಟಗಟ ಕುಡಿದರು.

ಮೊದಲು ತಿಳಿದದ್ದು ಆದೆಮ್ಮನಿಗೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಯವ್ವಾ, ಗಡಿಬಿಡ್ಯಾಗ ಕೊಟ್ಟುಬಿಟ್ಟೆ," ಎಂದಳು ಸಣ್ಣಗೆ. ಆಮೇಲೆ ಅಂಗಳಕ್ಕೆಲ್ಲ ತಿಳಿಯಿತು. ಶೇಖರಮ್ಮನವರು ಮೊದಲು ಕಳಿಸಲಿ ಎಂದವರೆಲ್ಲ ಅಲ್ಲೇ ಇದ್ದರು, ಬಡಿಗೆ ಹಿಡಿದವರು, ಕೊಡ ಹೊತ್ತವರು, ಅಮರಗುಂಡಪ್ಪನ ನೊರೆ ಹತ್ತಿದ ಕೆನ್ನೆ, ಎಲ್ಲ ಅವರ ಮುಖವನ್ನೇ ನೋಡುತ್ತಿದ್ದವು.

ಶೇಖರಮ್ಮ ಚೊಂಬಿನೊಳಗೆ ನೋಡಿದರು. ಇನ್ನೂ ನೀರು ಉಳಿದಿತ್ತು. ಅವರು ಅದನ್ನು ಚೆಲ್ಲಬಹುದಿತ್ತು, ಎದ್ದು ಮನೆಗೆ ಹೋಗಿ ತಲೆ ಮೇಲೆ ನೀರು ಸುರಿದುಕೊಳ್ಳಬಹುದಿತ್ತು. ನಾನಂತೂ ಹಾಗೇ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಆದೆಮ್ಮನ ಮುಖ ನೋಡಿದರು, ತಮ್ಮ ಓಣಿಯವರ ಮುಖಗಳನ್ನು ಒಂದೊಂದಾಗಿ ನೋಡಿದರು, ಚೊಂಬು ಎತ್ತಿ ಉಳಿದ ನೀರನ್ನು ನಿಧಾನವಾಗಿ, ಒಂದು ಹನಿ ಬಿಡದೆ ಕುಡಿದರು.

"ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು," ಎಂದರು ಬಾಯಿ ಒರೆಸಿಕೊಳ್ಳುತ್ತ. "ನೀರಿಗೆ ಬಂದೀನಿ. ಇನ್ನ ಅನ್ನಕ್ಕೇನ ಕುಂತೈತಿ. ಹಾಕವ್ವ ಆದೆಮ್ಮ, ಓಡಿ ಓಡಿ ನನಗ ಹಸಿವಾಗೈತಿ."

ಆದೆಮ್ಮ ಕದಲಲಿಲ್ಲ. ಝರ್ನಾ ಅವಳ ಬೆನ್ನಿಗೆ ಕೈ ಇಟ್ಟು ಒಳಗೆ ತಳ್ಳಿದಳು. ಶೇಖರಮ್ಮ ಖಾಲಿ ಚಾಪೆಯ ಮೇಲೆ ಹೋಗಿ ಕೂತರು, ತೊಡೆಯ ಮೇಲೆ ಶರಣಿ. ಆದೆಮ್ಮ ಪಾಯಸ ಬಡಿಸಿದಳು. ಅಜ್ಜಿ ಮೊದಲ ತುತ್ತು ತಿಂದು ಎರಡನೆಯದನ್ನು ಮೊಮ್ಮಗಳ ಬಾಯಿಗಿಟ್ಟರು. "ಬೆಲ್ಲ ಒಂದಿಷ್ಟು ಕಮ್ಮಿ ಆಗೈತಿ," ಎಂದು ತೀರ್ಪು ಕೊಟ್ಟರು. ಆ ಒಂದು ಮಾತಿಗೆ ಆದೆಮ್ಮನ ಮುಖದಲ್ಲಿ ನಗು ಬಂತು. ಅಡುಗೆ ಮಾಡಿದವಳಿಗೆ ತಪ್ಪು ಹುಡುಕಿದರೂ ಸರಿ, ತಿಂದು ಹುಡುಕಬೇಕು.

"ನನ್ನ ಉಂಡಿ?" ಎಂದಳು ಶರಣಿ. ಝರ್ನಾ ಹೇಳಿದಂತೆ ಎರಡು ಕೊಟ್ಟಳು.

ಆಮೇಲೆ ಚಾಪೆ ಸಾಲಲಿಲ್ಲ. ಅಮರಗುಂಡಪ್ಪ ನೊರೆ ಒರೆಸಿಕೊಂಡು ತಾಯಿಯ ಪಕ್ಕ ಕೂತ. ಪಕ್ಕದ ಮನೆಯವರು ಕೂತರು. ಅವರ ಪಕ್ಕದ ಮನೆಯವರು ಮಕ್ಕಳನ್ನು ಕರೆತರಲು ಓಡಿದರು. ಎಲ್ಲರೂ ಕೂತರು ಎಂದು ಸುಳ್ಳು ಹೇಳಲಾರೆ. ಒಂದೆರಡು ಮನೆಯವರು ಹಿಂದಕ್ಕೆ ಹೋದರು, ಅವರ ಮಕ್ಕಳಿಗೆ ಇಂದಿಗೂ ನೆಗಡಿ ಬಿಟ್ಟಿಲ್ಲ. ಉಳಿದ ಮಕ್ಕಳಿಗೆಲ್ಲ ಆ ಮಧ್ಯಾಹ್ನ ಪಾಯಸದಿಂದಲೇ ವಾಸಿಯಾಯಿತು.

ಠಾಕುಮಾಗೆ ಇದೇನು ನಡೆಯಿತೆಂದು ತಿಳಿದಿರಲಿಲ್ಲ. ಆ ಮುದುಕಿ ನೀರು ಕುಡಿದದ್ದಕ್ಕೆ ಎಲ್ಲರೂ ಯಾಕೆ ಹಾಗೆ ನೋಡಿದರು ಎಂದು ಮೊಮ್ಮಗಳನ್ನು ಕೇಳಿದರು. ಝರ್ನಾ ಅವರ ಕಿವಿಯಲ್ಲಿ ಬಂಗಾಲಿಯಲ್ಲಿ ಹೇಳಿದಳು. ಠಾಕುಮಾ ತುಂಬ ಹೊತ್ತು ಶೇಖರಮ್ಮನನ್ನೂ ಆ ಚೊಂಬನ್ನೂ ನೋಡಿದರು. ಆಮೇಲೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಒಬ್ಬರೇ, ಉದ್ದವಾಗಿ ಉಲು ಹಾಕಿದರು. ಈ ಸಲ ಯಾರೂ ಓಡಲಿಲ್ಲ, ಓಡಿ ಬರಬೇಕಾದವರೆಲ್ಲ ಅಲ್ಲೇ ಕೂತು ಉಣ್ಣುತ್ತಿದ್ದರು. ನಾನು ಕನ್ನಡ ಲೆಕ್ಚರರ್, ಮಾತೇ ನನ್ನ ಕಸುಬು. ಅವತ್ತು ಏನೂ ಮಾತಾಡಲಿಲ್ಲ, ಚೆನ್ನಾಗಿ ಅತ್ತೆ, ಆಮೇಲೆ ಎರಡು ಸಲ ಪಾಯಸ ಹಾಕಿಸಿಕೊಂಡೆ.

ಸಂಜೆ ಸಾಮಾನು ಕಟ್ಟುವಾಗ ಝರ್ನಾಳನ್ನು ಕೇಳಿದೆ. "ಖರೆ ಹೇಳು. ಹಿಂಗ ಆಗತೈತಿ ಅಂತ ನಿನಗ ಗೊತ್ತಿತ್ತೇನು?"

"ಇಲ್ಲ ಮೇಡಂ. ಗೊತ್ತಿದ್ರ ಮೊದಲನೇ ದಿನಾನ ಠಾಕುಮಾನ್ನ ಕರೆಸ್ತಿದ್ದೆ. ನಿಮ್ಮ ಭಾಷಣ ಉಳೀತಿತ್ತು."

ತಿಂಗಳ ಕೊನೆಗೆ ಬಂದ ಮೇಲ್ವಿಚಾರಕಿಗೆ ತಾಟು ಸಾಲುತ್ತಿಲ್ಲ ಎಂಬ ದೂರು ಸಿಕ್ಕಿತಂತೆ. ದಾನೇಶ್ವರಿ ಫೋನು ಮಾಡಿ ಹೇಳಿದಳು. ಆದೆಮ್ಮನ ಎಮ್ಮೆ ಮಾತ್ರ ಸೊರಗುತ್ತಿದೆ ಎಂದೂ ಹೇಳಿದಳು.

ಹೋದ ವಾರ ಕಾಲೇಜಿನಲ್ಲಿದ್ದಾಗ ಶೇಖರಮ್ಮನ ಫೋನು ಬಂತು. ಫೋನು ದೂರದೂರಿಗೆ ಕೂಗಿ ಹೇಳುವ ಸಾಧನ ಎಂದು ಅವರ ತಿಳುವಳಿಕೆ, ಸ್ಟಾಫ್ ರೂಮಿನವರಿಗೆಲ್ಲ ಕೇಳಿಸಿತು.

"ಮೇಡಮ್ಮಾರ, ಸಣ್ಣ ಮೊಮ್ಮಗನಿಗೆ ಆರು ತಿಂಗಳಾತು. ನಾವೂ ಅನ್ನ ಉಣಿಸೋ ಶಾಸ್ತ್ರ ಇಟ್ಕೊಂಡೀವಿ. ಬರೋ ಸೋಮವಾರ, ನಮ್ಮ ಮನ್ಯಾಗ. ಆದೆಮ್ಮ ಬಂದು ನಮ್ಮ ಅಡಿಗಿ ಮನ್ಯಾಗ ಪಾಯಸ ಮಾಡ್ತಾಳ, ಬೆಲ್ಲ ಎಷ್ಟು ಅಂತ ಅಕಿಗೆ ಹೇಳೀನಿ. ನೀವು ಬರ್ರಿ. ನಿಮ್ಮ ಹುಡುಗಿ, ಅಕಿ ಅಜ್ಜಿ, ಇಬ್ರೂ ಬರಾಕ ಬೇಕು. ಆ ಕೂಗು ನಮಗ ಬರವಲ್ದು. ಮೊನ್ನೆ ಹಾಕಿ ನೋಡಿದ್ರ ನಾಯಿಗೋಳು ಬಂದ್ವು."

"ಯಾವ ಹುಡುಗಿ ರೀ, ಬಾಂಗ್ಲಾದಾಕಿ ಏನ್ರಿ?" ಎಂದು ಬೇಕೆಂದೇ ಕೇಳಿದೆ.

"ಯಾವ ಬಾಂಗ್ಲಾ? ಅಕೀನ ರೀ, ಝರ್ನಾ, ನಮ್ಮ ಸಿಂಧನೂರಾಕಿ," ಎಂದರು ಶೇಖರಮ್ಮ, ನನಗೆ ಅಷ್ಟೂ ಗೊತ್ತಿಲ್ಲವಲ್ಲ ಎಂಬ ಬೇಸರದಲ್ಲಿ.

ಫೋನು ಇಟ್ಟು ಹೊರಗೆ ಹೋದೆ. ಝರ್ನಾ ವರಾಂಡದಲ್ಲಿ ರೇ‍ಣುಕಾದೇವಿಯ ಜೊತೆ ನಿಂತಿದ್ದಳು. ಆದೆಮ್ಮ ಸೋಮವಾರ ಶೇಖರಮ್ಮನ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಾಳೆ ಎಂದೆ. ಝರ್ನಾ ನನ್ನ ಮುಖ ನೋಡಿದಳು, ಕೊಟ್ಟ ಮಾತು ನೆನಪಿತ್ತಲ್ಲ. ಹೂಂ ಎಂದು ತಲೆಯಾಡಿಸಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಹಾಕಿದ ಉಲು ಕಾಲೇಜಿನ ಮೂಲೆ ಮೂಲೆಗೂ ಕೇಳಿಸಿತು.

ಪ್ರಿನ್ಸಿಪಾಲರು ಈ ಸಲ ಹೊರಗೋಡಿ ಬರಲಿಲ್ಲ. ಒಳಗೆ ಕೂತಲ್ಲಿಂದಲೇ ಪ್ಯೂನನನ್ನು ಕರೆದು, "ಯಾರ ಮನ್ಯಾಗ ಕೂಸು ಹುಟ್ಟೇತಿ ಕೇಳಿ ಬಾರಪಾ," ಎಂದರು.